ತಾಮ್ರದ ತಂತಿ, ನಾಲ್ಕು ಎಳೆ ಗರಿ

ಶಿವಮೊಗ್ಗದ ತುಂಗೆಯ ದಂಡೆಯಲ್ಲಾಗಲಿ, ಭದ್ರಾವತಿಯ ಹೊಳೆ ಬದಿಯಲ್ಲಾಗಲಿ ಗಾಳ ಹಾಕಿ ಕೂತವರ ಪಕ್ಕ ಒದ್ದೆ ಮಣ್ಣು, ಎರೆಹುಳ ತುಂಬಿದ ಚಿಪ್ಪೊಂದು ಇದ್ದೇ ಇರುತ್ತದೆ. ಅವರೆದುರು ನನ್ನ ಹುಳ ತೆಗೆಯಲು ನಾಚಿಕೆ. ಅದಕ್ಕೆ ಜೀವವಿಲ್ಲ. ನಾಟಿ ಹುಂಜದ ಬಾಲದ ಗರಿ, ಸುಟ್ಟ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿ, ಅಷ್ಟೇ.

ಕಟ್ಟುವ ಬಗೆ ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್‌ನದು. ಅಲ್ಲಿ ಅದು ಟ್ರೌಟ್ ಮೀನಿಗೆ. ತಣ್ಣೀರಿನ ಆ ಮೀನು ನಮ್ಮ ಹೊಳೆಗಳಲ್ಲಿಲ್ಲ. ಆದರೆ ಈ ಹುಳ ಅನುಕರಿಸುವ ಮೇಫ್ಲೈ ಕೀಟದ ಮರಿ ಇಲ್ಲಿನ ಹೊಳೆಗಲ್ಲು ಮಗುಚಿದರೂ ಸಿಗುತ್ತದೆ.

ಹುಳ ಕಟ್ಟುವ ದಾರವನ್ನೇ ಸಾಯರ್ ಕೈಬಿಟ್ಟ. ಕೊಕ್ಕೆಗೆ ಮೊದಲು ತಂತಿ ಸುತ್ತಿ ಎದೆಯ ಜಾಗದಲ್ಲಿ ಚೂರು ಉಬ್ಬಿಸಬೇಕು. ಫೆಸೆಂಟ್ ಹಕ್ಕಿಯ ಬಾಲದ ನಾಲ್ಕು ಎಳೆಗಳನ್ನು ತುದಿ ಹೊರಚಾಚುವಂತೆ ಬಿಗಿದರೆ ಹುಳದ ಬಾಲ. ಉಳಿದದ್ದನ್ನು ತಂತಿಯೊಂದಿಗೆ ಹೊಸೆದು ಮುಂದಕ್ಕೆ ಸುತ್ತಿದರೆ ಮೈ. ಉಬ್ಬಿನ ಮೇಲೆ ಹಿಂದೆಮುಂದೆ ಮಡಚಿದರೆ ಇನ್ನೂ ಬಿಚ್ಚದ ರೆಕ್ಕೆ. ತಂತಿಯೇ ದಾರ, ತಂತಿಯೇ ಭಾರ, ಎಳೆಗಳ ಸಂದಿನ ಮಿನುಗೂ ಅದೇ. ಕಾಲಿಲ್ಲ! ಈಜುವಾಗ ಈ ಮರಿ ಕಾಲುಗಳನ್ನು ಮೈಗೊತ್ತಿಕೊಳ್ಳುವುದನ್ನು ಸಾಯರ್ ಗಮನಿಸಿದ್ದ. ನನ್ನ ಮೊದಲ ಹತ್ತು ಹುಳಗಳು ಸುಟ್ಟ ಬೀಡಿಯಂತಿದ್ದವು, ಬಿಡಿ.

ಕಳೆದ ಬೇಸಿಗೆ ಭದ್ರೆಯ ದಂಡೆಯಲ್ಲಿ ಹುಡುಗನೊಬ್ಬ ಹನ್ನೊಂದನೆಯದನ್ನು ಅಂಗೈಲಿಟ್ಟು ತಿರುಗಿಸಿ ನೋಡಿದ.

“ಇದನ್ನ ಮೀನು ತಿಂತದಾ ಮಾರಾಯ್ರೆ?”

“ನೋಡೋಣ” ಎಂದೆ. ಅವನು ಚಿಪ್ಪನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.