ನಮ್ಮವರ ತಪ್ಪಿನ ಕಡೆಗೂ ತಿರುಗಿದ ಕ್ಯಾಮೆರಾ

ನಮ್ಮ ದಾದಿಯ ಒಂದೇ ಒಂದು ಫೋಟೋ ಮನೆಯಲ್ಲಿದೆ. ಹಜ್ ಯಾತ್ರೆಯ ಪಾಸ್‌ಪೋರ್ಟಿಗೆಂದು ತೆಗೆಸಿದ್ದು. ತಸ್ವೀರ್ ಇರುವ ಮನೆಗೆ ಫರಿಷ್ತೆಗಳು ಬರುವುದಿಲ್ಲ ಎಂದು ನಂಬಿದ್ದ ಆಕೆ, ಮಾಡಬಾರದ್ದನ್ನು ಮಾಡುತ್ತಿರುವವರಂತೆ ಮುಖ ಬಿಗಿ ಹಿಡಿದು ಕುಳಿತಿದ್ದಾರೆ. ಫೋಟೋ ತೆಗೆಸಬಹುದೇ, ಬಾರದೇ ಎಂಬ ಚರ್ಚೆ ನಮ್ಮಲ್ಲಿ ಬೇಕಾದಷ್ಟು ನಡೆದಿದೆ. ಆದರೆ ಯಾರ ಫೋಟೋವನ್ನು ಯಾರು ತೆಗೆಯುತ್ತಾರೆ, ಏನನ್ನು ತೋರಿಸಲು ತೆಗೆಯುತ್ತಾರೆ, ಏನನ್ನು ಬಿಟ್ಟುಬಿಡುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಬಾಂಗ್ಲಾದೇಶದ ಶಾಹಿದುಲ್ ಆಲಂ ಅವರ ಚಿತ್ರಗಳನ್ನು ನೋಡುವಾಗ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು.

1955ರಲ್ಲಿ ಢಾಕಾದಲ್ಲಿ ಹುಟ್ಟಿದ ಆಲಂ ಫೋಟೋಗ್ರಫಿಯನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಅವರು ಲಂಡನ್ನಿನಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರು. 1980ರಲ್ಲಿ ಅಮೆರಿಕಕ್ಕೆ ಹೋದಾಗ ಗೆಳೆಯನೊಬ್ಬ ತನಗೊಂದು ನಿಕಾನ್ ಎಫ್‌ಎಂ ಕ್ಯಾಮೆರಾ ತರಲು ಹೇಳಿದ್ದ. ತಂದ ಮೇಲೆ ಗೆಳೆಯನಲ್ಲಿ ಹಣವಿರಲಿಲ್ಲ. ಕ್ಯಾಮೆರಾ ಇವರಲ್ಲೇ ಉಳಿಯಿತು. ಅದನ್ನು ಹಿಡಿದು ತಾವೇ ಕಲಿತರು. ಲಂಡನ್ನಿನಲ್ಲಿ ಮಕ್ಕಳ ಭಾವಚಿತ್ರ ತೆಗೆದು ಸಂಪಾದಿಸಿದರು. 1984ರಲ್ಲಿ ಢಾಕಾಕ್ಕೆ ಮರಳಿ ಕಂಪೆನಿಗಳಿಗೆ, ಫ್ಯಾಶನ್ನಿಗೆ ಫೋಟೋ ತೆಗೆದುಕೊಟ್ಟರು. ಸಂಬಳವಿಲ್ಲದೆ, ಸಿಕ್ಕ ಕೆಲಸ ಹಿಡಿದು ಬದುಕುವ ಫೋಟೋಗ್ರಾಫರನ ಪಾಡು ಎಲ್ಲ ಊರಿನಲ್ಲೂ ಹೀಗೆಯೇ. ಅನ್ನ ಕೊಡುವ ಚಿತ್ರ ಬೇರೆ, ಮನಸ್ಸು ಕೇಳುವ ಚಿತ್ರ ಬೇರೆ. ಜನರಲ್ ಇರ್ಷಾದರ ಆಡಳಿತದ ವಿರುದ್ಧ ಢಾಕಾದ ಬೀದಿಗಳು ತುಂಬತೊಡಗಿದಾಗ ಆಲಂ ಎರಡನೆಯದರ ಹಿಂದೆ ಹೋದರು.

ಅಲ್ಲಿ ಎದುರಾದದ್ದು ಇನ್ನೊಂದು ಗೋಡೆ. ಬಾಂಗ್ಲಾದೇಶದ ನೆರೆ, ಚಂಡಮಾರುತ, ಹಸಿವುಗಳನ್ನು ಜಗತ್ತಿಗೆ ತೋರಿಸುತ್ತಿದ್ದವರು ಪಶ್ಚಿಮದಿಂದ ವಿಮಾನದಲ್ಲಿ ಬಂದು ಹೋಗುವ ಫೋಟೋಗ್ರಾಫರುಗಳು. ಅಲ್ಲಿಯವರ ಕಣ್ಣಿನ ಮೇಲೆ ಆ ಪತ್ರಿಕೆಗಳಿಗೆ ನಂಬಿಕೆಯಿರಲಿಲ್ಲ. ಇದರಿಂದ ಏನಾಗುತ್ತದೆ ಎಂಬುದಕ್ಕೆ ಆಲಂ ಹೇಳುವ ಪ್ರಸಂಗವೊಂದಿದೆ. ಉತ್ತರ ಐರ್ಲೆಂಡಿನ ಗೆಳೆಯರ ಮನೆಯಲ್ಲಿ ಉಳಿದಿದ್ದಾಗ, ಅವರು ಜೇಬಿನಿಂದ ಚಿಲ್ಲರೆ ತೆಗೆದಿಟ್ಟದ್ದನ್ನು ನೋಡಿ ಆ ಮನೆಯ ಐದು ವರ್ಷದ ಹುಡುಗಿ ಬೆರಗಾದಳಂತೆ. ಬಾಂಗ್ಲಾದೇಶದವರ ಹತ್ತಿರ ದುಡ್ಡಿರುವುದು ಹೇಗೆ ಸಾಧ್ಯ ಎಂಬುದು ಅವಳ ಸಮಸ್ಯೆ. ಇದು ಆ ಮಗುವಿನ ತಪ್ಪಲ್ಲ. ಅವಳು ನೋಡಿದ್ದ ಚಿತ್ರಗಳು ಅವಳಿಗೆ ಕಲಿಸಿದ ಪಾಠವದು.

1988ರ ನೆರೆಯಲ್ಲಿ ಆಲಂ ತೆಗೆದ ಚಿತ್ರವೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನೀರು ಮನೆಯನ್ನು ನುಂಗಿದೆ. ಹೆಂಗಸೊಬ್ಬಳು ಮಾಡಿನ ಮೇಲೆ ಕುಳಿತು ಅಡುಗೆ ಮಾಡುತ್ತಿದ್ದಾಳೆ. ಕೈಚಾಚಿದ ಭಂಗಿ ಇಲ್ಲಿಲ್ಲ. ಮಧ್ಯಾಹ್ನಕ್ಕೆ ಮನೆಯವರಿಗೆ ಉಣ್ಣಲು ಕೊಡಬೇಕೆಂಬ ದಿನನಿತ್ಯದ ಗಡಿಬಿಡಿ ಮಾತ್ರ ಇದೆ. ಆಕೆ ನೆರೆಯ ಬಲಿಪಶುವಾಗುವ ಮೊದಲೂ ಒಬ್ಬ ಗೃಹಿಣಿ, ಆಮೇಲೂ ಗೃಹಿಣಿ.

ಇಂಥ ಕಣ್ಣು ತನ್ನೊಬ್ಬನಿಗಿದ್ದರೆ ಸಾಲದೆಂದು ಆಲಂ 1989ರಲ್ಲಿ 'ದೃಕ್' ಎಂಬ ಚಿತ್ರಸಂಸ್ಥೆಯನ್ನು, 1998ರಲ್ಲಿ 'ಪಾಠಶಾಲಾ' ಎಂಬ ಫೋಟೋಗ್ರಫಿ ಶಾಲೆಯನ್ನು ಕಟ್ಟಿದರು. ಎರಡೂ ಹೆಸರುಗಳನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೆ ಹೋಗದೆ ಕಲಿತವರು ಮುಂದಿನವರಿಗಾಗಿ ಶಾಲೆ ತೆರೆದರು ಎಂಬುದು ಸಣ್ಣ ಮಾತಲ್ಲ. ತಾನೇ ಕಲಿತವನಿಗೆ ಸಾಮಾನ್ಯವಾಗಿ ಅದರದ್ದೊಂದು ಅಹಂಕಾರವಿರುತ್ತದೆ. ಇತರರೂ ತನ್ನಂತೆ ಕಷ್ಟಪಡಲಿ ಎಂದುಕೊಳ್ಳುತ್ತಾನೆ.

ಇಷ್ಟೇ ಆಗಿದ್ದರೆ ಆಲಂ ಅವರನ್ನು ಪಶ್ಚಿಮಕ್ಕೆ ಉತ್ತರ ಕೊಟ್ಟ ಛಾಯಾಗ್ರಾಹಕ ಎಂದು ಹೊಗಳಿ ಸುಮ್ಮನಾಗಬಹುದಿತ್ತು. ಹೊರಗಿನವರು ಮಾಡಿದ ಅನ್ಯಾಯವನ್ನು ತೋರಿಸಿದಾಗ ಊರವರು ಚಪ್ಪಾಳೆ ತಟ್ಟುತ್ತಾರೆ. ನಿಜವಾದ ಪರೀಕ್ಷೆ ಆಮೇಲೆ ಬರುತ್ತದೆ.

2004ರಲ್ಲಿ ಹುಟ್ಟಿಕೊಂಡ ರ‍್ಯಾಪಿಡ್ ಆ್ಯಕ್ಷನ್ ಬೆಟಾಲಿಯನ್ನಿನ ಕೈಯಲ್ಲಿ ಸತ್ತವರ ಬಗ್ಗೆ ಬಾಂಗ್ಲಾದೇಶದ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ ಬರುತ್ತಿತ್ತು: ಆರೋಪಿಯನ್ನು ಆಯುಧ ತೋರಿಸಲು ಕರೆದೊಯ್ಯಲಾಯಿತು, ಅವನ ಸಹಚರರು ಗುಂಡು ಹಾರಿಸಿದರು, 'ಕ್ರಾಸ್‌ಫೈರ್'ನಲ್ಲಿ ಅವನು ಸತ್ತ. 'ಎನ್‌ಕೌಂಟರ್' ಎಂಬ ಪದ ಬಲ್ಲ ನಮಗೆ ಈ ಕತೆ ಹೊಸದಲ್ಲ. 2010ರಲ್ಲಿ ಆಲಂ 'ಕ್ರಾಸ್‌ಫೈರ್' ಹೆಸರಿನಲ್ಲೇ ಪ್ರದರ್ಶನವೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಹೆಣವಿಲ್ಲ, ರಕ್ತವಿಲ್ಲ. ರಾತ್ರಿಯ ಒಂದು ಗದ್ದೆ, ಒಂದು ಗಮ್‌ಛಾ. ಪ್ರಕರಣಗಳನ್ನು ಅಧ್ಯಯನ ಮಾಡಿ, ಅವುಗಳಿಂದ ಒಂದೊಂದು ವಿವರವನ್ನು ಮಾತ್ರ ಆರಿಸಿಕೊಂಡು ತೆಗೆದ ಚಿತ್ರಗಳವು. ಪೊಲೀಸರು ಗ್ಯಾಲರಿಯ ಬಾಗಿಲು ಮುಚ್ಚಿಸಿದರು. ಉದ್ಘಾಟನೆಗೆ ಬಂದಿದ್ದ ಮಹಾಶ್ವೇತಾದೇವಿ ಹೊರಗೆ ಬೀದಿಯಲ್ಲೇ ನಿಂತು ಅದನ್ನು ಉದ್ಘಾಟಿಸಿದರು. ಖಾಲಿ ಗದ್ದೆಯ ಚಿತ್ರಕ್ಕೆ ಸರಕಾರವೊಂದು ಹೆದರಿತು.

ಕತೆಗಾರನಾಗಿ ಈ ಚಿತ್ರಗಳ ಮೌನ ನನಗೆ ಇಷ್ಟ. ಆದರೆ ಒಂದು ತಕರಾರನ್ನೂ ಹೇಳಲೇಬೇಕು. ಅಡಿಬರಹವಿಲ್ಲದಿದ್ದರೆ ಈ ಗದ್ದೆ ಬರೀ ಗದ್ದೆ, ಅದೂ ಸುಂದರವಾದ ಗದ್ದೆ. ಸತ್ತವನ ಹೆಸರು ಗೊತ್ತಿಲ್ಲದ ದೂರದ ನೋಡುಗ ಬೆಳಕಿನ ಚೆಲುವನ್ನು ಮೆಚ್ಚಿ ಮುಂದೆ ಹೋಗಿಬಿಡಬಹುದು. ಢಾಕಾದಲ್ಲಿ ಎಲ್ಲರಿಗೂ ಕತೆ ಗೊತ್ತಿತ್ತು, ಆದ್ದರಿಂದ ಚಿತ್ರ ಮಾತಾಡಿತು. ದೂರದ ಕಲಾಶಾಲೆಗಳಲ್ಲೂ ಅದು ಹಾಗೆಯೇ ಮಾತಾಡೀತೆಂದು ಹೇಳಲಾರೆ.

ಈ ಕೊರತೆಯನ್ನು ಮೀರಿದ್ದು ಕಲ್ಪನಾ ಚಕ್ಮಾಳನ್ನು ಕುರಿತ ಕೆಲಸ. ಚಿತ್ತಗಾಂಗ್ ಗುಡ್ಡಗಾಡಿನ ಮೂಲನಿವಾಸಿಗಳು ಹೆಚ್ಚಾಗಿ ಬೌದ್ಧರು. ಅಲ್ಲಿನ ಹಿಲ್ ವಿಮೆನ್ಸ್ ಫೆಡರೇಶನ್ನಿನ ನಾಯಕಿಯಾಗಿದ್ದ ಕಲ್ಪನಾಳನ್ನು 1996ರ ಜೂನ್ 12ರಂದು ಅವಳ ಮನೆಯಿಂದಲೇ ಹೊತ್ತೊಯ್ಯಲಾಯಿತು. ಆರೋಪ ಬಂದದ್ದು ಸೇನಾಧಿಕಾರಿಯೊಬ್ಬರ ಮೇಲೆ. ಅವಳು ಮರಳಿ ಬರಲಿಲ್ಲ. 2024ರಲ್ಲಿ ರಾಂಗಾಮಾಟಿಯ ನ್ಯಾಯಾಲಯ ಪೊಲೀಸರ ಅಂತಿಮ ವರದಿಯನ್ನು ಒಪ್ಪಿಕೊಂಡು ಪ್ರಕರಣವನ್ನು ಮುಚ್ಚಿತು. ಆಲಂ ಮೊದಲು, ಹಳೆಯ ರಸಾಯನಶಾಸ್ತ್ರಜ್ಞನ ಶ್ರದ್ಧೆಯಿಂದ, ಅವಳು ಬಿಟ್ಟುಹೋದ ವಸ್ತುಗಳನ್ನು ಸಾಕ್ಷ್ಯದಂತೆ ಚಿತ್ರಿಸಿದರು. ಆಮೇಲೆ ಅವಳಿಗಾಗಿ ದನಿ ಎತ್ತಿದವರ ಮುಖಗಳನ್ನು ಚಾಪೆಗಳ ಮೇಲೆ ಲೇಸರಿನಿಂದ ಸುಟ್ಟು ಮೂಡಿಸಿದರು. ಕಲ್ಪನಾ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದವಳು. ಗುಡ್ಡಗಾಡಿನವರ ಮನೆಗಳು ಸುಟ್ಟುಹೋದದ್ದೂ ನಿಜ. ಇಲ್ಲಿ ಬಳಸಿದ ಸಾಮಗ್ರಿಯೇ ಕತೆಯನ್ನು ಹೇಳುತ್ತದೆ, ಅಡಿಬರಹಕ್ಕಾಗಿ ಕಾಯುವುದಿಲ್ಲ.

ಆಲಂ ಬಂಗಾಳಿ, ಮುಸ್ಲಿಂ. ತನ್ನ ದೇಶದಲ್ಲಿ ಬಹುಸಂಖ್ಯಾತರಿಗೆ ಸೇರಿದವರು. ಕಲ್ಪನಾ ಎರಡು ರೀತಿಯಲ್ಲೂ ಅಲ್ಪಸಂಖ್ಯಾತಳು. ಚಕ್ಮಾಗಳ ನೋವನ್ನು ಚಕ್ಮಾ ಅಲ್ಲದವರು ಹೇಳಬಹುದೇ ಎಂದು ಕೇಳುವವರಿದ್ದಾರೆ, ಕೇಳಲೂಬೇಕು. ಆದರೆ ಅನ್ಯಾಯ ಮಾಡಿದ ಪಾಳೆಯದಲ್ಲಿ ಹುಟ್ಟಿದವನು ಸಾಕ್ಷಿ ಹೇಳದೆ ಹೋದರೆ ಆ ಮೌನವೂ ಒಂದು ಪಕ್ಷವೇ ಆಗುತ್ತದೆ.

ಒಳಗಿನವರನ್ನು ಕೆಣಕಿದರೂ ಅವರಿಂದ ದೂರವಾಗಲು ಆಲಂ ಒಪ್ಪಲಿಲ್ಲ. 2017ರಲ್ಲಿ ಅವರು ತಮ್ಮ ಚಿತ್ರಪ್ರದರ್ಶನವನ್ನು ಇಟ್ಟದ್ದು ಢಾಕಾದ ಬೈತುರ್ರವೂಫ್ ಮಸೀದಿಯೊಳಗೆ. ಮರೀನಾ ತಬಸ್ಸುಮ್ ವಿನ್ಯಾಸ ಮಾಡಿದ, 2016ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆದ ಮಸೀದಿಯದು. ತಸ್ವೀರ್ ಮತ್ತು ಮಸೀದಿ! ನಮ್ಮ ದಾದಿ ಕೇಳಿದ್ದರೆ 'ತೌಬಾ' ಎನ್ನುತ್ತಿದ್ದರೋ, ಹೋಗಿ ನೋಡುತ್ತಿದ್ದರೋ ಹೇಳಲಾರೆ.

2018ರ ಆಗಸ್ಟ್ 5ರಂದು, ರಸ್ತೆ ಸುರಕ್ಷತೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಪರವಾಗಿ ಟಿವಿಯಲ್ಲಿ ಮಾತಾಡಿದ ಮೇಲೆ, ಆಲಂ ಅವರನ್ನು ಮನೆಯಿಂದ ಹಿಡಿದೊಯ್ದರು. ಮರುದಿನ ಬರಿಗಾಲಲ್ಲಿ ನ್ಯಾಯಾಲಯಕ್ಕೆ ತಂದಾಗ, ತನ್ನನ್ನು ಹೊಡೆದಿದ್ದಾರೆ ಎಂದು ಅವರು ಹೇಳಿದರು. 107 ದಿನಗಳ ನಂತರ, ನವೆಂಬರ್ 20ರಂದು ಜಾಮೀನಿನ ಮೇಲೆ ಹೊರಬಂದರು. ಆಮೇಲೆ ಜಗತ್ತು ಅವರನ್ನು ವೀರನನ್ನಾಗಿ ಮಾಡಿತು. ಇದರಲ್ಲೊಂದು ಅಪಾಯವಿದೆ. ಛಾಯಾಗ್ರಾಹಕನ ಜೈಲುವಾಸ ಅವನ ಚಿತ್ರಗಳಿಗಿಂತ ದೊಡ್ಡದಾಗಿ ಕಂಡರೆ ಕಲ್ಪನಾ ಮತ್ತೊಮ್ಮೆ ಕಣ್ಮರೆಯಾಗುತ್ತಾಳೆ.

ಈ ಚಾಪೆಗಳನ್ನು ಕುರಿತು ಯೋಚಿಸಿದ ಮೇಲೆ ನನ್ನ ಕತೆಗಳನ್ನು ತೆಗೆದು ನೋಡಿದೆ. ಗಲಭೆಯಲ್ಲಿ ಅಂಗಡಿ ಕಳೆದುಕೊಂಡವನಿದ್ದಾನೆ, ಬಾಡಿಗೆಗೆ ಮನೆ ಸಿಗದೆ ಅಲೆದವನಿದ್ದಾನೆ, ಸುಳ್ಳು ಕೇಸಿನಲ್ಲಿ ಸಿಕ್ಕಿಬಿದ್ದ ಹುಡುಗನಿದ್ದಾನೆ. ಅವರ ಬಗ್ಗೆ ಬರೆದದ್ದಕ್ಕೆ ಪಶ್ಚಾತ್ತಾಪವಿಲ್ಲ, ಇನ್ನೂ ಬರೆಯುತ್ತೇನೆ. ಆದರೆ ನಮ್ಮದೇ ಗಲ್ಲಿಯಲ್ಲಿ ಒಂದೇ ಉಸಿರಿನ ತಲಾಖಿನಿಂದ ತವರಿಗೆ ಬಂದು ಬೀಡಿ ಕಟ್ಟುತ್ತಿದ್ದ ಹೆಣ್ಣುಮಗಳು ನನ್ನ ಯಾವ ಕತೆಯಲ್ಲೂ ಇಲ್ಲ. ಬರೆದರೆ ಹೊರಗಿನವರ ಕೈಗೆ ಕೋಲು ಕೊಟ್ಟಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಕೋಲಿನ ಭಯ ಸುಳ್ಳಲ್ಲ. ಆದರೂ ಅವಳು ಈಗಲೂ ಅಲ್ಲೇ ಇದ್ದಾಳೆ, ನಾನು ದಿನವೂ ಅವಳ ಮನೆಯ ಮುಂದೆಯೇ ಹಾದುಹೋಗುತ್ತೇನೆ.