ಬೇಲಿ ಮುಗಿದ ಮೇಲೆ

ಫಿಲಿಪ್ ನಾಯ್ಸ್ ನಿರ್ದೇಶನದ ‘ರ‍್ಯಾಬಿಟ್ ಪ್ರೂಫ್ ಫೆನ್ಸ್’ (2002) ಬಗ್ಗೆ ನನ್ನದೊಂದು ತಕರಾರಿದೆ. ಸಿನಿಮಾ ಚೆನ್ನಾಗಿಲ್ಲ ಅಂತಲ್ಲ. 1931ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರ ತಾಯಂದಿರಿಂದ ಕಿತ್ತುಕೊಂಡು ಹೋದ ಮೂವರು ಮೂಲನಿವಾಸಿ ಹುಡುಗಿಯರು ತಪ್ಪಿಸಿಕೊಂಡು, ಮೊಲ ತಡೆಯುವ ಬೇಲಿಯ ಗುಂಟ ನಡೆದ ನಿಜಕಥೆ ಇದು. ಇಬ್ಬರು ಮನೆ ಮುಟ್ತಾರೆ. ಅಧಿಕಾರಿ ನೆವಿಲ್ ಇಲ್ಲಿ ಖಳನಾಯಕನಲ್ಲ, ಒಳ್ಳೇದು ಮಾಡ್ತಿದ್ದೀನಿ ಅಂತ ಮನಸಾರೆ ನಂಬಿದವನು. ಮೈ ನಡುಗಿಸೋದು ಅದೇ. ಅವನ ಹುದ್ದೆಯ ಹೆಸರು ‘ಮುಖ್ಯ ರಕ್ಷಕ’!

ಮೋಲಿಯನ್ನ ಮತ್ತೆ ಹಿಡಿದೊಯ್ದರು ಅಂತ ಕೊನೆಗೆ ಸಿನಿಮಾನೇ ಹೇಳುತ್ತೆ. ಆದರೂ ಮುದುಕಿಯರಾದ ನಿಜವಾದ ಮೋಲಿ, ಡೇಸಿ ತೆರೆಗೆ ಬಂದಾಗ ‘ಸದ್ಯ, ಬದುಕಿದರು’ ಅಂತ ಎದ್ದು ಬರ್ತೀವಿ. ನನ್ನ ತಕರಾರು ಆ ನೆಮ್ಮದಿಯ ಮೇಲೆ. ಓಡಿಹೋಗಲಾಗದೆ ಉಳಿದವರು ಏನಾದರು? 1980ರ ದಶಕದಲ್ಲಿ ಠಾಣೆ, ಜೈಲುಗಳಲ್ಲಿ ಸತ್ತ 99 ಮೂಲನಿವಾಸಿಗಳ ಬದುಕನ್ನು ಕೆದಕಿದ ರಾಯಲ್ ಕಮಿಷನ್ 1991ರಲ್ಲಿ ವರದಿ ಕೊಟ್ಟಿತು. ಅವರಲ್ಲಿ 43 ಜನರನ್ನು ಚಿಕ್ಕಂದಿನಲ್ಲೇ ಸರ್ಕಾರವೋ ಮಿಷನ್ನೋ ಬೇರೆ ಸಂಸ್ಥೆಯೋ ಮನೆಯವರಿಂದ ಬೇರ್ಪಡಿಸಿತ್ತು.

ಬೇರ್ಪಡಿಸಿದ್ದೇ ಕೊಂದಿತು ಅಂತ ಈ ಲೆಕ್ಕವೊಂದೇ ಹೇಳೋದಿಲ್ಲ, ನಿಜ. ಆದರೆ ‘ರಕ್ಷಣೆ’ಯ ಕಡತ ಮಗು ಬೆಳೆದ ಕೂಡಲೇ ಮುಚ್ಚುತ್ತೆ, ಸಾವಿನ ಕಡತ ಇನ್ನೆಲ್ಲೋ ತೆರೆಯುತ್ತೆ. ಎರಡನ್ನೂ ಒಟ್ಟಿಗಿಟ್ಟು ಓದಬೇಕು. ಸಿನಿಮಾ ಖಂಡಿತ ನೋಡಿ. ನೋಡಿದ ಮೇಲೆ ಆ 43 ಜನರನ್ನೂ ನೆನೆಯಿರಿ.