ಕಾರ್ಡಿನ ಹಿಂಬದಿ

ಶೆಟ್ಟಿಹಳ್ಳಿಯಲ್ಲಿರುವ ಗೆಳೆಯರೊಬ್ಬರ ಮನೆಗೆ ಇತ್ತೀಚೆಗೆ ಹೋಗಿದ್ದೆವು. ಚಹಾ ಮುಗಿಯುತ್ತಿದ್ದಂತೆ ಅವರು ಕಪಾಟಿನಿಂದ ದಪ್ಪನೆಯ ಆಲ್ಬಮ್ ತಂದು ಮುಂದಿಟ್ಟರು. ಅದರ ತುಂಬ ನೂರು ವರ್ಷ ದಾಟಿದ ಚಿತ್ರ ಅಂಚೆಕಾರ್ಡುಗಳು. ಎಲ್ಲವೂ ದುರಂತಗಳವು. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ, 1908ರ ಡಿಸೆಂಬರ್ 28ರಂದು ನೆಲಸಮವಾದ ಇಟಲಿಯ ಮೆಸ್ಸಿನಾ ನಗರ, 1912ರಲ್ಲಿ ಮುಳುಗಿದ ಟೈಟಾನಿಕ್. ಪ್ರತಿ ಹಾಳೆ ತಿರುವುವಾಗಲೂ ಗೆಳೆಯರು ಬೆಲೆ ಹೇಳಿದರು, ಅಪರೂಪವೆಂದರು. ಸತ್ತವರ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ.

ಈ ಹವ್ಯಾಸವನ್ನು ನಾವು ಹಳಿಯುತ್ತಿಲ್ಲ. ಪತ್ರಿಕೆಗಳಲ್ಲಿ ಛಾಯಾಚಿತ್ರ ವಿರಳವಾಗಿದ್ದ ಕಾಲದಲ್ಲಿ ಇಂತಹ ಕಾರ್ಡೇ ಜನರಿಗೆ ಸುದ್ದಿಚಿತ್ರವಾಗಿತ್ತು. ವಿಳಾಸದ ಬದಿಯಲ್ಲೇ ಸಂದೇಶ ಬರೆಯಲು 1902ರಲ್ಲಿ ಬ್ರಿಟನ್ ಅನುಮತಿ ಕೊಟ್ಟ ಮೇಲೆ ಇನ್ನೊಂದು ಬದಿ ಪೂರ್ತಿ ಚಿತ್ರಕ್ಕೆ ಸಿಕ್ಕಿತು. ಹೀಗೆ ಒಂದೇ ಕಾರ್ಡಿನಲ್ಲಿ ಒಬ್ಬರ ಸಂಕಟ, ಇನ್ನೊಬ್ಬರ ಸುದ್ದಿ, ಮತ್ತೊಬ್ಬರ ವ್ಯಾಪಾರ ಒಟ್ಟಿಗೇ ಸಾಗಿದವು. ಆದರೆ ಗೆಳೆಯರ ಆಲ್ಬಮ್ಮಿನಲ್ಲಿ ಕಾಣುವುದು ಚಿತ್ರದ ಬದಿ ಮಾತ್ರ. ಯಾರು, ಯಾರಿಗೆ, ಏನು ಬರೆದರು ಎಂಬುದು ಒಳಗೇ ಮುಚ್ಚಿಹೋಗಿದೆ. ನಮ್ಮ ತಕರಾರು ಇರುವುದು ಇಲ್ಲಿಯೇ.

ಇನ್ನೊಂದು ತಕರಾರು ಆಲ್ಬಮ್ಮಿನಲ್ಲಿ ಇಲ್ಲದ್ದರ ಬಗ್ಗೆ. ಮೆಸ್ಸಿನಾಕ್ಕೆ ಸರಿಯಾಗಿ ಮೂರು ತಿಂಗಳ ಮೊದಲು, ಸೆಪ್ಟೆಂಬರ್ 28ರಂದು, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ನಿಜಾಮರ ಕರೆಯ ಮೇರೆಗೆ ನಮ್ಮ ವಿಶ್ವೇಶ್ವರಯ್ಯನವರು ಅಲ್ಲಿಗೆ ಹೋಗಿ ಯೋಜನೆ ರೂಪಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಅದರ ಫಲ. ಮುರಿದ ಮನೆಗಳ ಚಿತ್ರದಲ್ಲಿ ಈ ಮುಂದಿನ ಕಥೆ ಕಾಣುವುದಿಲ್ಲ. ಅದನ್ನು ಯಾರಾದರೂ ಬರೆದಿಡಬೇಕಾಗುತ್ತದೆ.

ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿಯಿತು. ನಡುವೆ ಬಂದದ್ದು 1876-78ರ ಮಹಾಕ್ಷಾಮ. ಆಗ ಮದ್ರಾಸ್ ಪ್ರಾಂತ್ಯದಲ್ಲಿ ಹೂಪರ್ ಎಂಬ ಸೇನಾಧಿಕಾರಿ ಎಲುಬಿನ ಹಂದರಗಳಾಗಿದ್ದ ಜನರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದ. ಆ ಚಿತ್ರಗಳಲ್ಲಿರುವ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ಚಿತ್ರ ತೆಗೆದವನ ಹೆಸರು ಉಳಿದಿದೆ!

ಗೆಳೆಯರ ಬಳಿ ಇನ್ನೊಂದು ಆಲ್ಬಮ್ ಇತ್ತು. ಅದು ಹಳೆಯ ಬೆಂಗಳೂರಿನ ಸುಂದರ ನೋಟಗಳದ್ದು. ಅದರಲ್ಲಿ ಮಲ್ಲೇಶ್ವರದ ಅಗಲ ರಸ್ತೆಯ ಕಾರ್ಡೊಂದಿತ್ತು. 1898ರ ಪ್ಲೇಗಿಗೆ ಹೆದರಿ ಜನ ಇಕ್ಕಟ್ಟಾದ ಪೇಟೆ ಬಿಟ್ಟರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಬಳಿಕ. ದಂಡಿನ ಕಡೆ ಫ್ರೇಜರ್ ಟೌನ್ ಹುಟ್ಟಿದ್ದೂ ಅದೇ ಭಯದಿಂದ. ಹಾಗಿರುವಾಗ ಆ ಸುಂದರ ಕಾರ್ಡೂ ದುರಂತದ ಕಾರ್ಡೇ ಅಲ್ಲವೇ? ನಾವು ಹೀಗೆ ಕೇಳಿದಾಗ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಪ್ಲೇಗಿನಲ್ಲಿ ತಮ್ಮ ಮುತ್ತಜ್ಜಿ ಊರ ಹೊರಗಿನ ಗುಡಿಸಲಿನಲ್ಲಿ ಮಗುವನ್ನು ಕಳೆದುಕೊಂಡ ಸಂಗತಿ ಹೇಳಿದರು. ಅದು ಎಲ್ಲಿಯೂ ಬರೆದಿಟ್ಟದ್ದಲ್ಲ, ಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು.

ದೂರದ ಮೆಸ್ಸಿನಾದ ಕಾರ್ಡಿಗೆ ಹಣ ಕೊಟ್ಟವರು ಸ್ವಂತ ಮನೆಯ ಈ ಮಾತಿಗೆ ಒಂದು ಹಾಳೆ ಕೊಡಲಾರರೇ? ಸಂಗ್ರಹಿಸುವವರು ಸಂಗ್ರಹಿಸಲಿ. ಆದರೆ ಕಾರ್ಡನ್ನು ಹೊರತೆಗೆದು ಹಿಂಬದಿಯನ್ನೂ ಓದಲಿ, ಗೊತ್ತಿದ್ದದ್ದನ್ನು ಪಕ್ಕದಲ್ಲಿ ಬರೆದಿಡಲಿ. ಅಷ್ಟನ್ನೂ ಮಾಡದಿದ್ದರೆ ಅಂದು ಸತ್ತವರು ಇಂದು ಬರಿಯ ಸರಕಾಗುತ್ತಾರೆ.